ಚುಕ್ಕೆಯ ಕತ್ತಾಳೆ: ಮ್ಯಾಂಗೇವ್ ಗಿಡದ ಹುಟ್ಟು ಮತ್ತು ಬೇಸಾಯ

ಕತ್ತಾಳೆಯನ್ನು ಕಾಣದವರು ನಮ್ಮಲ್ಲಿ ವಿರಳ. ಹೊಲದ ಬದುಗಳಲ್ಲಿಯೂ ರೈಲುಹಾದಿಯ ಇಕ್ಕೆಲಗಳಲ್ಲಿಯೂ ಬೇಲಿಯಾಗಿ ನಿಂತು, ದನಕರುಗಳನ್ನು ತಡೆದು, ಹಗ್ಗ ಹೊಸೆಯುವವರಿಗೆ ನಾರನ್ನು ಒದಗಿಸಿದ ಗಿಡವದು. ಸುಗಂಧರಾಜವನ್ನು ಕಾಣದವರು ಅದಕ್ಕಿಂತಲೂ ವಿರಳ. ಮದುವೆಯ ಹಾರದಲ್ಲಿ, ದೇವರ ಮುಡಿಯಲ್ಲಿ, ಸಂಜೆಯ ಹೊತ್ತು ಮನೆಯ ಮುಂದಿನ ಹೂದೋಟದಲ್ಲಿ ಅದರ ಪರಿಮಳ ಎಲ್ಲರಿಗೂ ಪರಿಚಿತ. ಒಂದು ಮುಳ್ಳಿನ ಕಾವಲುಗಾರ. ಇನ್ನೊಂದು ಕೋಮಲವಾದ ಹೂಗಿಡ. ಇವೆರಡೂ ಮೆಕ್ಸಿಕೋ ದೇಶದಿಂದ ಬಂದ ಹತ್ತಿರದ ನೆಂಟರು ಎಂದರೆ ತಟ್ಟನೆ ನಂಬುವುದು ಕಷ್ಟ. ಆದರೆ ಸಸ್ಯಶಾಸ್ತ್ರಜ್ಞರ ಪಾಲಿಗೆ ಇದು ಈಗ ಸಂದೇಹವಿಲ್ಲದ ಸಂಗತಿ. ಈ ನೆಂಟಸ್ತಿಕೆಗೆ ಜೀವಂತ ಸಾಕ್ಷಿಯಾಗಿ ನಿಂತಿರುವ ಒಂದು ಅಲಂಕಾರ ಸಸ್ಯವುಂಟು. ದಪ್ಪನೆಯ ರಸಭರಿತ ಎಲೆಗಳ ಮೇಲೆ ಕೆಂಪು, ಕಂದು, ನೇರಳೆ ಬಣ್ಣದ ಚುಕ್ಕೆಗಳನ್ನು ಚೆಲ್ಲಿಕೊಂಡಿರುವ ಈ ಮಿಶ್ರತಳಿಗೆ ಮ್ಯಾಂಗೇವ್ ಎಂದು ಹೆಸರು.

ಗಿಡವನ್ನು ಕೊಂಡು ತಂದು ಕುಂಡದಲ್ಲಿಟ್ಟ ಮಾತ್ರಕ್ಕೆ ಅದು ಬಾಳುವುದಿಲ್ಲ. ಕತ್ತಾಳೆಯೆಂದು ಬಗೆದು ನೀರು ಕೊಡದೆ ಒಣಗಿಸುವವರುಂಟು. ಹೂಗಿಡವೆಂದು ಬಗೆದು ದಿನವೂ ನೀರೆರೆದು ಕೊಳೆಯಿಸುವವರು ಇನ್ನೂ ಹೆಚ್ಚು. ಇಬ್ಬರೂ ಗಿಡದ ಅರ್ಧವನ್ನು ಮಾತ್ರ ಬಲ್ಲವರು. ಮಿಶ್ರತಳಿಯನ್ನು ಸಾಕಬೇಕಾದರೆ ಅದರ ತಾಯಿತಂದೆಗಳಿಬ್ಬರ ಸ್ವಭಾವವನ್ನೂ ಅರಿತಿರಬೇಕು.

ಎರಡು ಮನೆತನಗಳು

ಮ್ಯಾಂಗೇವ್ ಎಂಬ ಹೆಸರು ಎರಡು ಹೆಸರುಗಳ ಬೆಸುಗೆ. ಮೊದಲರ್ಧ ಮ್ಯಾನ್‌ಫ್ರೀಡ ಎಂಬ ಸಸ್ಯಗಳಿಂದ ಬಂದುದು. ಉಳಿದರ್ಧ ಅಗೇವ್, ಎಂದರೆ ಕತ್ತಾಳೆಯಿಂದ. ಅಗೇವ್ ಎಂಬ ಜಾತಿಗೆ ಆ ಹೆಸರನ್ನು ಕೊಟ್ಟವನು ಲಿನೇಯಸ್, 1753ರಲ್ಲಿ. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಘನತೆಯುಳ್ಳದ್ದು ಎಂಬ ಅರ್ಥವಿದೆ. ಇಪ್ಪತ್ತು ಅಡಿಗೂ ಮೀರಿ ಏಳುವ ಅದರ ಹೂಗಂಬವನ್ನು ನೋಡಿದವರು ಈ ಹೆಸರು ಸಲ್ಲದೆಂದು ಹೇಳಲಾರರು. ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಲೋಳೆಸರವನ್ನೂ ಕತ್ತಾಳೆಯನ್ನೂ ಒಂದೇ ಎಂದು ಎಣಿಸುವುದುಂಟು. ರೂಪದಲ್ಲಿ ಹೋಲಿಕೆಯಿದ್ದರೂ ಅವುಗಳ ಮೂಲ ಬೇರೆ. ಲೋಳೆಸರದ ಬಳಗ ಹಳೆಯ ಪ್ರಪಂಚದ್ದು, ಕತ್ತಾಳೆಯ ಬಳಗ ಅಮೆರಿಕ ಖಂಡದ್ದು.

ಕತ್ತಾಳೆ ನಿಧಾನವಾಗಿ ಬೆಳೆಯುವ ಗಿಡ. ಅದರ ಎಲೆ ಗಡುಸು, ಅಂಚಿನಲ್ಲಿ ಹಲ್ಲು, ತುದಿಯಲ್ಲಿ ಸೂಜಿಯಂಥ ಮುಳ್ಳು. ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷಗಳ ಕಾಲ ಎಲೆಗಳಲ್ಲಿ ಆಹಾರವನ್ನು ಕೂಡಿಸಿಟ್ಟು, ಒಂದೇ ಒಂದು ಬಾರಿ ಹೂಬಿಟ್ಟು, ಆ ಹೂವಿನೊಡನೆ ಸಾಯುವುದು ಅದರ ರೂಢಿ. ಮ್ಯಾನ್‌ಫ್ರೀಡದ ರೀತಿ ಬೇರೆ. ಅದು ನೆಲದೊಳಗೆ ಗೆಡ್ಡೆಯಂಥ ಕಾಂಡವನ್ನಿಟ್ಟುಕೊಂಡು, ಮೃದುವಾದ ರಸಭರಿತ ಎಲೆಗಳನ್ನು ನೆಲಕ್ಕೆ ಹರಡಿಕೊಂಡು ಬೆಳೆಯುವ ಸಣ್ಣ ಗಿಡ. ಅಗ್ಗವಾಗಿ ಮುರಿಯುವ ಅದರ ಎಲೆಗಳಲ್ಲಿ ಚುಚ್ಚುವ ಮುಳ್ಳಿಲ್ಲ. ಬರಗಾಲದಲ್ಲಿಯೋ ಚಳಿಯಲ್ಲಿಯೋ ಎಲೆಗಳನ್ನು ಕಳೆದುಕೊಂಡು ನೆಲದಡಿಯಲ್ಲಿ ಅಡಗಿ, ಮಳೆ ಬಂದೊಡನೆ ಮತ್ತೆ ಚಿಗುರುತ್ತದೆ. ಒಮ್ಮೆ ಹೂಬಿಟ್ಟು ಮುಗಿಯದೆ ವರ್ಷವರ್ಷವೂ ಹೂಬಿಡುವುದು ಇದರ ಇನ್ನೊಂದು ಗುಣ. ಇದರ ಕೆಲವು ಪ್ರಭೇದಗಳ ಎಲೆಗಳಲ್ಲಿ ಕಂದು ನೇರಳೆ ಬಣ್ಣದ ಚುಕ್ಕೆಗಳು ಸ್ಪಷ್ಟವಾಗಿವೆ. ದಕ್ಷಿಣ ಟೆಕ್ಸಾಸ್ ಮತ್ತು ಅದಕ್ಕೆ ಹೊಂದಿದ ಮೆಕ್ಸಿಕೋದ ಪ್ರಭೇದವೊಂದಕ್ಕೆ ಮ್ಯಾಕ್ಯುಲೋಸ ಎಂದೇ ಹೆಸರು. ಲ್ಯಾಟಿನ್ ಭಾಷೆಯಲ್ಲಿ ಚುಕ್ಕೆಗಳುಳ್ಳದ್ದು ಎಂದು ಅದರ ಅರ್ಥ. ಆ ಸೀಮೆಯ ಜನ ಅದನ್ನು ಟೆಕ್ಸಾಸಿನ ಸುಗಂಧರಾಜವೆಂದು ಕರೆಯುತ್ತಾರೆ. ಮ್ಯಾನ್‌ಫ್ರೀಡಗಳ ಬುಡವನ್ನು ಜಜ್ಜಿ ನೀರಿನಲ್ಲಿ ಕಲಸಿದರೆ ನಮ್ಮ ಅಂಟುವಾಳದಂತೆ ನೊರೆ ಬರುವುದರಿಂದ, ಮೆಕ್ಸಿಕೋದಲ್ಲಿ ಅದನ್ನು ಸಾಬೂನಿನ ಬದಲು ಬಳಸುತ್ತಿದ್ದುದುಂಟು.

ಬೀಜದಲ್ಲಿ ಬಂದ ಬೆರಕೆ

ಈ ಎರಡು ಬಗೆಯ ಗಿಡಗಳು ಬೆರೆತಾವೆಂದು ಬಹುಮಂದಿ ತೋಟಗಾರರು ಎಣಿಸಿರಲಿಲ್ಲ. ಅವರ ಗಮನವನ್ನು ಇತ್ತ ಸೆಳೆದದ್ದು ಒಂದು ಆಕಸ್ಮಿಕ. ಮೆಕ್ಸಿಕೋದಲ್ಲಿ ಸಂಗ್ರಹಿಸಿದ ಚುಕ್ಕೆಯ ಮ್ಯಾನ್‌ಫ್ರೀಡದ ಬೀಜಗಳನ್ನು ಟೆಕ್ಸಾಸಿನ ಯಕ್ಕಾ ಡೂ ಎಂಬ ಸಸ್ಯಾಗಾರದಲ್ಲಿ ಬಿತ್ತಿದ್ದರು. ಹುಟ್ಟಿದ ಸಸಿಗಳಲ್ಲಿ ಕೆಲವು ಒಡಹುಟ್ಟುಗಳಿಗಿಂತ ಬಲು ದೊಡ್ಡದಾಗಿ, ದಪ್ಪ ಎಲೆಗಳಿಂದ ಕೂಡಿ ಬೆಳೆದವು. ತಾಯಿ ಮ್ಯಾನ್‌ಫ್ರೀಡ ಎಂಬುದರಲ್ಲಿ ಅನುಮಾನವಿರಲಿಲ್ಲ. ಕಾಡಿನಲ್ಲಿ ಸಮೀಪದಲ್ಲೆಲ್ಲೋ ಹೂಬಿಟ್ಟಿದ್ದ ಕತ್ತಾಳೆಯೊಂದರ ಪರಾಗ ಆ ಹೂವನ್ನು ಮುಟ್ಟಿರಬೇಕೆಂದು ಊಹಿಸಿದರು. ಹೀಗೆ ದೊರೆತ ಗಿಡವನ್ನು ಈ ಶತಮಾನದ ಮೊದಲ ದಶಕದಲ್ಲಿ ಮಾಚೋ ಮೋಕ ಎಂಬ ಹೆಸರಿನಿಂದ ಮಾರಾಟಕ್ಕೆ ಬಿಟ್ಟರು. ಬೂದುಹಸುರಿನ ಎಲೆಗಳ ಮೇಲೆ ಕಾಫಿ ಬಣ್ಣದ ಚುಕ್ಕೆಗಳು ಒತ್ತಾಗಿ ಕೂಡಿಕೊಂಡಿರುವುದೇ ಆ ಹೆಸರಿಗೆ ಕಾರಣ. ಇದು ನಾಲ್ಕಡಿಗೂ ಮೀರಿ ಅಗಲವಾಗಿ ಹರಡುತ್ತದೆ. ಇದಕ್ಕೆ ವಿರುದ್ಧವಾಗಿ, ಬ್ಲಡ್‌ಸ್ಪಾಟ್ ಎಂಬ ಇನ್ನೊಂದು ತಳಿ ಕುಂಡಕ್ಕೆ ಒಪ್ಪುವಷ್ಟು ಚಿಕ್ಕದು. ಅದರ ಚುಕ್ಕೆಗಳು ರಕ್ತದ ಹನಿಗಳಂತೆ ಕೆಂಪು. ಇವುಗಳ ಯಶಸ್ಸನ್ನು ಕಂಡು ಉದ್ದೇಶಪೂರ್ವಕವಾಗಿ ಸಂಕರ ಮಾಡುವ ಕೆಲಸ ನಡೆಯಿತು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಹಾನ್ಸ್ ಹಾನ್ಸೆನ್ ಎಂಬ ತಳಿಗಾರರು ಬಗೆಬಗೆಯ ಆಕಾರ ಮತ್ತು ಬಣ್ಣಗಳ ಅನೇಕ ಮ್ಯಾಂಗೇವ್‌ಗಳನ್ನು ರೂಪಿಸಿದ್ದಾರೆ.

ತಳಿಗಾರನ ಮುಂದಿರುವ ದೊಡ್ಡ ತೊಡಕು ಕಾಲದ್ದು. ಮ್ಯಾನ್‌ಫ್ರೀಡ ವರ್ಷವರ್ಷವೂ ಹೂಬಿಟ್ಟರೆ, ಕತ್ತಾಳೆ ಬದುಕಿನಲ್ಲಿ ಒಮ್ಮೆ. ಎರಡೂ ಒಂದೇ ವಾರದಲ್ಲಿ ಅರಳುವುದನ್ನು ಕಾಯುತ್ತ ಕುಳಿತರೆ ಮನುಷ್ಯನ ಆಯುಸ್ಸು ಸಾಲದು. ಆದುದರಿಂದ ಕತ್ತಾಳೆ ಅರಳಿದಾಗ ಅದರ ಪರಾಗವನ್ನು ಸಂಗ್ರಹಿಸಿ, ಒಣಗಿಸಿ, ಶೀತಲ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡು, ಮ್ಯಾನ್‌ಫ್ರೀಡ ಹೂಬಿಟ್ಟ ದಿನ ಅದರ ಶಲಾಕೆಗೆ ಸವರುವ ಕ್ರಮವನ್ನು ಅನುಸರಿಸುತ್ತಾರೆ.

ನೆಂಟಸ್ತಿಕೆಯ ಪುರಾವೆ

ದೂರದ ಗಿಡಗಳು ಹೀಗೆ ಸುಲಭವಾಗಿ ಬೆರೆಯುವುದಿಲ್ಲ. ಹಾಗಾದರೆ ಇವು ಹೇಗೆ ಬೆರೆತವು? ಉತ್ತರ ಜೀವಕೋಶದಲ್ಲಿದೆ. ಕತ್ತಾಳೆಯ ಕೋಶಕೇಂದ್ರದಲ್ಲಿರುವ ವರ್ಣತಂತುಗಳು ಮೂವತ್ತರ ಗುಣಾಕಾರದಲ್ಲಿವೆ. ಪ್ರತಿ ಮೂವತ್ತರಲ್ಲಿ ಐದು ಬಹಳ ದೊಡ್ಡವು, ಇಪ್ಪತ್ತೈದು ಬಹಳ ಚಿಕ್ಕವು. ನಡುವಣ ಗಾತ್ರದವು ಇಲ್ಲ. ಈ ವಿಚಿತ್ರ ವಿನ್ಯಾಸ ಯಕ್ಕಾ ಗಿಡಗಳಲ್ಲಿಯೂ ಇದೆಯೆಂಬುದರ ಮಹತ್ವವನ್ನು ಮೆಕೆಲ್ವಿ ಮತ್ತು ಸ್ಯಾಕ್ಸ್ ಎಂಬ ವಿಜ್ಞಾನಿಗಳು 1933ರಲ್ಲಿ ಎತ್ತಿ ತೋರಿಸಿದರು. ಅದುವರೆಗೆ ಹೂವಿನ ಅಂಡಾಶಯ ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ನೋಡಿ ಇವೆರಡನ್ನೂ ಬೇರೆ ಬೇರೆ ಕುಟುಂಬಗಳಲ್ಲಿ ಇರಿಸಿದ್ದರು. ಅದೇ ಐದು ಮತ್ತು ಇಪ್ಪತ್ತೈದರ ಲೆಕ್ಕ ಮ್ಯಾನ್‌ಫ್ರೀಡದಲ್ಲಿಯೂ ಸುಗಂಧರಾಜದಲ್ಲಿಯೂ ಕಾಣುತ್ತದೆ. ಹೊರಗಿನ ಉಡುಪು ಬದಲಾದರೂ ಒಳಗಿನ ವಂಶಪತ್ರಿಕೆ ಬದಲಾಗಲಿಲ್ಲ.

ಮುಂದೆ ಡಿ.ಎನ್.ಎ. ಪರೀಕ್ಷೆಯ ಕಾಲ ಬಂದಾಗ ಚಿತ್ರ ಇನ್ನೂ ನಿಚ್ಚಳವಾಯಿತು. ಮ್ಯಾನ್‌ಫ್ರೀಡ ಮತ್ತು ಸುಗಂಧರಾಜಗಳು ಕತ್ತಾಳೆಯ ವಂಶವೃಕ್ಷದ ಪಕ್ಕದಲ್ಲಿ ನಿಂತ ಬೇರೆ ಮರಗಳಲ್ಲ. ಅದೇ ಮರದ ಕೊಂಬೆಗಳು. ಈ ಇಡೀ ಬಳಗ ಹುಟ್ಟಿ ಸುಮಾರು ಒಂದು ಕೋಟಿ ವರ್ಷಗಳಾಗಿರಬಹುದೆಂದು ಅಂದಾಜು. ಭೂಮಿಯ ಇತಿಹಾಸದಲ್ಲಿ ಇದು ನಿನ್ನೆ ಮೊನ್ನೆಯ ಮಾತು. ಆದ್ದರಿಂದ ಅನೇಕ ಸಸ್ಯಶಾಸ್ತ್ರಜ್ಞರು ಇವೆಲ್ಲವನ್ನೂ ಅಗೇವ್ ಎಂಬ ಒಂದೇ ಜಾತಿಗೆ ಸೇರಿಸಿದ್ದಾರೆ. ಪಾಲಿಯಾಂತಿಸ್ ಟ್ಯುಬರೋಸ ಎಂದು ನಾವು ಪಠ್ಯಪುಸ್ತಕಗಳಲ್ಲಿ ಓದಿದ ಸುಗಂಧರಾಜಕ್ಕೆ 2017ರಲ್ಲಿ ಅಗೇವ್ ಅಮೀಕ ಎಂಬ ಹೆಸರು ಬಂದಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನ ಸಂಸ್ಥೆಯವರು ರೂಪಿಸಿದ ಶೃಂಗಾರ್, ಪ್ರಜ್ವಲ್ ಮೊದಲಾದ ಸುಗಂಧರಾಜದ ತಳಿಗಳನ್ನು ಬೆಳೆಯುತ್ತಿರುವ ರೈತ, ಈ ಲೆಕ್ಕದಲ್ಲಿ, ಒಂದು ಬಗೆಯ ಕತ್ತಾಳೆಯನ್ನೇ ಬೆಳೆಯುತ್ತಿದ್ದಾನೆ! ಹಳೆಯ ಹೆಸರುಗಳನ್ನೇ ಉಳಿಸಿಕೊಳ್ಳಬೇಕೆನ್ನುವ ವಿದ್ವಾಂಸರೂ ಇದ್ದಾರೆ. ಹೆಸರು ಯಾವುದಾದರೂ ಇರಲಿ, ರಕ್ತಸಂಬಂಧದ ವಿಷಯದಲ್ಲಿ ಭಿನ್ನಾಭಿಪ್ರಾಯವಿಲ್ಲ.

ಚುಕ್ಕೆಗಳು ಏಕೆ?

ಮ್ಯಾಂಗೇವ್‌ನ ಚುಕ್ಕೆ ರೋಗದ ಗುರುತಲ್ಲ; ತಾಯಿಯಾದ ಮ್ಯಾನ್‌ಫ್ರೀಡದಿಂದ ಬಂದ ಬಳುವಳಿ. ನೇರಳೆ ಹಣ್ಣಿಗೂ ಕೆಂಪು ದಂಟಿನ ಸೊಪ್ಪಿಗೂ ಬಣ್ಣವಿರುವಂತೆ ಎಲೆಗಳಲ್ಲಿಯೂ ನಾನಾ ವರ್ಣಕಗಳಿರುತ್ತವೆ. ಈ ಚುಕ್ಕೆಗಳಿಗೆ ಕಾರಣವಾದುದು ಆಂತೊಸಯನಿನ್ ಎಂಬ ವರ್ಣಕ. ನೀರಿನಲ್ಲಿ ಕರಗುವ ಈ ಪದಾರ್ಥ ಕೋಶದ ರಸದಲ್ಲಿ ತುಂಬಿಕೊಂಡಿರುತ್ತದೆ. ಎಲೆಯ ಕೆಲವು ಕೋಶಗುಂಪುಗಳಲ್ಲಿ ಅದು ತಯಾರಾಗಿ, ನೆರೆಯ ಗುಂಪುಗಳಲ್ಲಿ ತಯಾರಾಗದೆ ಇರುವುದರಿಂದ ಹಸುರಿನ ನಡುವೆ ಕೆಂಪು ಚುಕ್ಕೆಗಳು ಮೂಡುತ್ತವೆ.

ಈ ವರ್ಣಕಕ್ಕೂ ಬಿಸಿಲಿಗೂ ನಿಕಟ ಸಂಬಂಧವುಂಟು. ಪ್ರಖರವಾದ ಬೆಳಕು ಬಿದ್ದಾಗ ಗಿಡ ಆಂತೊಸಯನಿನ್ ಅನ್ನು ಹೆಚ್ಚಾಗಿ ತಯಾರಿಸುತ್ತದೆ. ಪತ್ರಹರಿತ್ತು ಬಳಸಿಕೊಳ್ಳಲಾರದಷ್ಟು ಬೆಳಕು ಎಲೆಯೊಳಗೆ ನುಗ್ಗಿದರೆ ಕೋಶಗಳಿಗೆ ಹಾನಿ. ಕೆಂಪು ವರ್ಣಕ ಆ ಬೆಳಕಿನ ಒಂದು ಪಾಲನ್ನು ಹೀರಿಕೊಂಡು ತೆರೆಯಂತೆ ಕೆಲಸ ಮಾಡುತ್ತದೆ. ಆದುದರಿಂದಲೇ ಒಂದೇ ತಾಯಿಗಿಡದಿಂದ ತೆಗೆದ ಎರಡು ಮರಿಗಳಲ್ಲಿ ಒಂದನ್ನು ಬಿಸಿಲಿನಲ್ಲಿಯೂ ಇನ್ನೊಂದನ್ನು ಜಗಲಿಯ ನೆರಳಿನಲ್ಲಿಯೂ ಇರಿಸಿದರೆ, ಕೆಲವು ತಿಂಗಳಲ್ಲಿ ಅವು ಬೇರೆ ಬೇರೆ ಗಿಡಗಳಂತೆ ತೋರುತ್ತವೆ. ಬಿಸಿಲಿನದು ಕುಳ್ಳಾಗಿ, ಚುಕ್ಕೆಗಳು ಒತ್ತೊತ್ತಾಗಿ, ಗಾಢವಾಗಿ ಕಾಣುತ್ತದೆ; ನೆರಳಿನದು ಎಲೆಗಳನ್ನು ಉದ್ದುದ್ದವಾಗಿ ಚಾಚಿ, ಹಸುರಾಗಿ, ಚುಕ್ಕೆ ಮಸುಕಾಗಿ ನಿಲ್ಲುತ್ತದೆ. ಚುಕ್ಕೆ ಮಾಸಿದರೆ ಗೊಬ್ಬರ ಸಾಲದೆಂದು ತಿಳಿಯುವುದು ಸರಿಯಲ್ಲ, ಸಾಲದಿರುವುದು ಬೆಳಕು.

ರಾತ್ರಿಯ ಉಸಿರು

ನೀರಿನ ವಿಷಯಕ್ಕೆ ಬರುವ ಮುನ್ನ ಕತ್ತಾಳೆಯ ಒಂದು ಗುಟ್ಟನ್ನು ತಿಳಿಯಬೇಕು. ಸಾಮಾನ್ಯ ಗಿಡಗಳು ಹಗಲಿನಲ್ಲಿ ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಇಂಗಾಲಾಮ್ಲ ವಾಯುವನ್ನು ಸೆಳೆಯುತ್ತವೆ; ಆಗ ಅದೇ ರಂಧ್ರಗಳಿಂದ ನೀರೂ ಆವಿಯಾಗಿ ಹೋಗುತ್ತದೆ. ಕತ್ತಾಳೆ ಹಗಲಿನಲ್ಲಿ ಬಾಗಿಲು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆಯುತ್ತದೆ. ಒಳಗೆ ಬಂದ ವಾಯುವನ್ನು ಹುಳಿಯಾದ ಮ್ಯಾಲಿಕ್ ಆಮ್ಲದ ರೂಪದಲ್ಲಿ ಕೂಡಿಟ್ಟು, ಮರುದಿನ ಬಿಸಿಲು ಬಂದಾಗ, ಬಾಗಿಲು ತೆರೆಯದೆಯೇ, ಅದರಿಂದ ಸಕ್ಕರೆಯನ್ನು ತಯಾರಿಸಿಕೊಳ್ಳುತ್ತದೆ. ನೀರಿನ ಉಳಿತಾಯಕ್ಕೆ ಇದಕ್ಕಿಂತ ಜಾಣತನದ ಉಪಾಯವಿಲ್ಲ.

ಈ ಕ್ರಿಯೆಯ ಸುಳಿವನ್ನು ಹಿಡಿದವರಲ್ಲಿ ಒಬ್ಬನಿಗೆ ನಮ್ಮ ನಾಡಿನೊಡನೆ ಸಂಬಂಧವಿದೆ. ಟಿಪ್ಪುಸುಲ್ತಾನನ ಪತನಾನಂತರ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯನ್ನು ನೋಡಿಕೊಂಡ ಬೆಂಜಮಿನ್ ಹೈನೆ ಎಂಬ ಸಸ್ಯಶಾಸ್ತ್ರಜ್ಞ ಕಾಡುಬಸಳೆಯ ಎಲೆಯನ್ನು ಅಗಿದು ನೋಡಿ, ಮುಂಜಾನೆ ಅದು ಹುಳಿಯಾಗಿಯೂ ಹೊತ್ತು ಏರಿದಂತೆ ಸಪ್ಪೆಯಾಗಿಯೂ ಇರುವುದನ್ನು ಗಮನಿಸಿದನು. ಅವನ ಪತ್ರ 1815ರಲ್ಲಿ ಲಂಡನ್ನಿನ ಲಿನೇಯನ್ ಸೊಸೈಟಿಯ ಸಂಪುಟದಲ್ಲಿ ಅಚ್ಚಾಯಿತು. ಕಾಡುಬಸಳೆ ಕತ್ತಾಳೆಯ ನೆಂಟನಲ್ಲ. ಆದರೆ ಎರಡೂ ಅನುಸರಿಸುವ ಉಪಾಯ ಒಂದೇ.

ಬೆಳೆಸುವ ಕ್ರಮ

ಮೇಲಿನ ಸಂಗತಿಗಳು ಮನಸ್ಸಿನಲ್ಲಿದ್ದರೆ ಬೇಸಾಯದ ಸೂತ್ರಗಳು ತಾವಾಗಿಯೇ ತೋರುತ್ತವೆ. ಮೊದಲನೆಯದು ಮಣ್ಣು. ನೀರು ನಿಲ್ಲುವ ಜಿಗುಟು ಮಣ್ಣು ಈ ಗಿಡಕ್ಕೆ ಶತ್ರು. ಒಂದು ಪಾಲು ತೋಟದ ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆಯ ಚೂರು, ಜೊತೆಗೆ ಒಂದಿಷ್ಟು ಚೆನ್ನಾಗಿ ಕಳಿತ ಎಲೆಗೊಬ್ಬರ ಸೇರಿಸಿದರೆ ಸಾಕು. ಬೇರು ನೀರಿನಷ್ಟೇ ಗಾಳಿಯನ್ನೂ ಬೇಡುತ್ತದೆ. ಮಣ್ಣಿನ ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಬೇರಿಗೆ ಉಸಿರು ಕಟ್ಟಿ, ಕೊಳೆಯಿಸುವ ಶಿಲೀಂಧ್ರಗಳಿಗೆ ದಾರಿಯಾಗುತ್ತದೆ. ಕುಂಡದ ತಳದ ತೂತು ಮುಚ್ಚಿರಬಾರದು. ನೆಲದಲ್ಲಿ ನೆಡುವುದಾದರೆ ಒಂದಡಿ ಎತ್ತರದ ದಿಣ್ಣೆಯನ್ನು ಕಟ್ಟಿ ಅದರ ಮೇಲೆ ನೆಡುವುದು ಲೇಸು.

ಎರಡನೆಯದು ಬೆಳಕು. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಎಡೆ ಉತ್ತಮ. ಆದರೆ ನೆರಳಿನಲ್ಲಿ ಬೆಳೆದು ಬಂದ ಗಿಡವನ್ನು ಏಪ್ರಿಲ್ ತಿಂಗಳ ಮಧ್ಯಾಹ್ನದ ಬಿಸಿಲಿಗೆ ಒಮ್ಮೆಲೇ ಒಡ್ಡಿದರೆ ಎಲೆ ಸುಟ್ಟು ಬಿಳಿಯ ಮಚ್ಚೆಗಳಾಗುತ್ತವೆ. ಅವು ಮತ್ತೆ ಮಾಯುವುದಿಲ್ಲ. ಎರಡು ಮೂರು ವಾರಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಬೇಕು. ವರ್ಣಕದ ತೆರೆ ಕಟ್ಟಿಕೊಳ್ಳಲು ಗಿಡಕ್ಕೂ ಸಮಯ ಬೇಕು.

ಮೂರನೆಯದು ನೀರು. ತಂದೆ ಕತ್ತಾಳೆ ಬರವನ್ನು ತಾಳಬಲ್ಲದು. ತಾಯಿ ಮ್ಯಾನ್‌ಫ್ರೀಡ ಮಳೆಗಾಲದಲ್ಲಿ ಬೇಗನೆ ಬೆಳೆಯುವಂಥದು. ಮಗು ಇಬ್ಬರ ನಡುವಿನದು. ಕತ್ತಾಳೆಗಿಂತ ತೀವ್ರವಾಗಿ ಬೆಳೆಯುವುದರಿಂದ ಇದಕ್ಕೆ ಕತ್ತಾಳೆಗಿಂತ ಹೆಚ್ಚು ನೀರು ಬೇಕು. ಬೇಸಗೆಯಲ್ಲಿ, ಬೆರಳನ್ನು ಎರಡು ಅಂಗುಲ ಮಣ್ಣಿಗೆ ಊರಿ ನೋಡಿ, ಒಣಗಿದ್ದರೆ ಮಾತ್ರ ತಳದಿಂದ ಹರಿಯುವಂತೆ ತುಂಬ ನೀರು ಕೊಡಬೇಕು. ಮತ್ತೆ ಒಣಗುವವರೆಗೆ ಮುಟ್ಟಬಾರದು. ದಿನವೂ ಒಂದು ಚೊಂಬು ಎಂಬ ನೇಮ ಇದಕ್ಕೆ ಸಲ್ಲದು. ಚಳಿಗಾಲದಲ್ಲಿ ನೀರನ್ನು ಇನ್ನೂ ಕಡಿಮೆ ಮಾಡಬೇಕು. ಎಲೆಗಳ ನಡುವಣ ಸುಳಿಯಲ್ಲಿ ನೀರು ನಿಲ್ಲದಂತೆ ಬುಡಕ್ಕೆ ಎರೆಯುವುದು ಮೇಲು.

ಇದರ ಮೂಲನೆಲೆಯಾದ ಮೆಕ್ಸಿಕೋದ ಬಹುಭಾಗದಲ್ಲಿ ಮಳೆ ಬರುವುದು ಬೇಸಗೆಯಿಂದಾಚೆಗಿನ ಕೆಲವು ತಿಂಗಳುಗಳಲ್ಲಿ. ಉಳಿದ ಕಾಲವೆಲ್ಲ ಒಣಹವೆ. ನಮ್ಮ ಬಯಲುಸೀಮೆಯ ಕ್ರಮವೂ ಸ್ಥೂಲವಾಗಿ ಅದೇ. ಆದುದರಿಂದ ಅಲ್ಲಿ ಇದನ್ನು ತೆರೆದ ತೋಟದಲ್ಲಿ ಬೆಳೆಯಲು ಅಡ್ಡಿಯಿಲ್ಲ. ಮಲೆನಾಡು ಕರಾವಳಿಗಳ ಮಾತು ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಜಡಿಮಳೆಯಲ್ಲಿ ಇದು ಉಳಿಯುವ ಭರವಸೆಯಿಲ್ಲ. ಅಲ್ಲಿಯವರು ಕುಂಡದಲ್ಲಿ ಬೆಳೆದು, ಆ ನಾಲ್ಕು ತಿಂಗಳು ಬೆಳಕು ಬರುವ ಸೂರಿನಡಿಗೆ ಸಾಗಿಸುವುದು ಕ್ಷೇಮ.

ಕೀಟಗಳಲ್ಲಿ ಮುಖ್ಯವಾದುದು ಹಿಟ್ಟುತಿಗಣೆ. ಎಲೆಗಳ ಕಂಕುಳಲ್ಲಿ ಬಿಳಿಯ ಹಿಂಜಿದ ಹತ್ತಿಯಂತೆ ಕಂಡರೆ ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ತೆಗೆಯಬೇಕು. ಮಳೆಗಾಲದಲ್ಲಿ ಬಸವನಹುಳುಗಳು ಮೃದುವಾದ ಎಲೆಯನ್ನು ಕೊರೆಯುತ್ತವೆ. ರಾತ್ರಿ ದೀಪ ಹಿಡಿದು ಆರಿಸುವುದೇ ಸುಲಭ ಪರಿಹಾರ. ಗಿಡವನ್ನು ಸಾಗಿಸುವಾಗ ಎಲೆಗಳು ಮುರಿಯದಂತೆ ನೋಡಿಕೊಳ್ಳಬೇಕು. ಕತ್ತಾಳೆಯ ರಸದಲ್ಲಿ ಸೂಜಿಯಾಕಾರದ ಸೂಕ್ಷ್ಮ ಹರಳುಗಳಿದ್ದು, ತಾಗಿದರೆ ಚರ್ಮ ತುರಿಸುತ್ತದೆ. ಮಗಳಲ್ಲಿಯೂ ತಂದೆಯ ಈ ಗುಣವಿರಬಹುದಾದ್ದರಿಂದ ಎಲೆ ಕತ್ತರಿಸುವವರು ಕೈಗವಸು ತೊಡುವುದು ಒಳ್ಳೆಯದು.

ಹೂವು, ಸಾವು, ಮರಿ

ಕತ್ತಾಳೆಯಂತೆ ದಶಕಗಟ್ಟಲೆ ಕಾಯಿಸದೆ ಮ್ಯಾಂಗೇವ್ ಕೆಲವೇ ವರ್ಷಗಳಲ್ಲಿ ಹೂಗಂಬವನ್ನು ಎತ್ತುತ್ತದೆ. ಹೂಬಿಟ್ಟ ಸುಳಿ ಹಲವು ತಳಿಗಳಲ್ಲಿ ಕ್ರಮೇಣ ಬಾಡುತ್ತದೆ. ಆದರೆ ಬುಡದಲ್ಲಿ ಮರಿಗಳು ಮೂಡಿ ಸಂತತಿಯನ್ನು ಮುಂದುವರಿಸುತ್ತವೆ. ಆ ಮರಿಗಳನ್ನು ಬೇರುಸಹಿತ ಬಿಡಿಸಿ, ಗಾಯ ಒಣಗಲೆಂದು ಎರಡು ದಿನ ನೆರಳಿನಲ್ಲಿಟ್ಟು ನೆಡಬೇಕು. ಬೀಜದಿಂದ ಹುಟ್ಟಿದ ಸಸಿಗಳು ತಾಯಿಯಂತಿರುವುದಿಲ್ಲ. ಮಿಶ್ರತಳಿಯಲ್ಲಿ ಕೂಡಿದ ಗುಣಗಳು ಮುಂದಿನ ತಲೆಮಾರಿನಲ್ಲಿ ಬೇರೆ ಬೇರೆಯಾಗಿ ಹಂಚಿಹೋಗುತ್ತವೆ. ಅದೇ ಚುಕ್ಕೆ, ಅದೇ ಬಣ್ಣ ಬೇಕಾದವರಿಗೆ ಮರಿಯೇ ಗತಿ. ಮಾರಾಟಕ್ಕೆ ಬೆಳೆಯುವವರು ಅಂಗಾಂಶ ಕೃಷಿಯ ಮೂಲಕ ಒಂದು ಗಿಡದಿಂದ ಸಾವಿರಾರು ಗಿಡಗಳನ್ನು ಪಡೆಯುತ್ತಾರೆ.

ಹೀಗೆ ಮಗಳು ಲೋಕದ ತೋಟಗಳಲ್ಲೆಲ್ಲ ಹರಡುತ್ತಿರುವಾಗ ತಾಯಿಯ ಬಳಗದ ಪಾಡೇನು? ಟೆಕ್ಸಾಸಿನ ಚುಕ್ಕೆಯ ಮ್ಯಾನ್‌ಫ್ರೀಡವನ್ನೇ ನಂಬಿಕೊಂಡ ಒಂದು ಚಿಟ್ಟೆಯುಂಟು. ಅದರ ಮರಿಹುಳು ಈ ಗಿಡದ ಎಲೆಯನ್ನು ತಿಂದು, ಬುಡದೊಳಕ್ಕೆ ಕೊರೆದು ಬೆಳೆಯುತ್ತದೆ. ಬೇರೆ ಗಿಡವನ್ನು ಒಲ್ಲದು. ದಕ್ಷಿಣ ಟೆಕ್ಸಾಸಿನ ಕುರುಚಲು ಕಾಡುಗಳು ಹೊಲಗಳಾಗಿಯೂ ಊರುಗಳಾಗಿಯೂ ಮಾರ್ಪಟ್ಟಂತೆ ಮ್ಯಾನ್‌ಫ್ರೀಡದ ನೆಲೆಗಳು ಕುಗ್ಗಿ, ಆ ಚಿಟ್ಟೆ ಅತಿ ವಿರಳವಾಗಿದೆ. ತೋಟದಲ್ಲಿರುವ ಲಕ್ಷ ಮಿಶ್ರತಳಿಗಳು ಕಾಡಿನ ಒಂದು ಮೂಲಗಿಡದ ಸ್ಥಾನವನ್ನು ತುಂಬಲಾರವು. ಅಂಗಾಂಶ ಕೃಷಿಯ ಸಾವಿರ ಗಿಡಗಳೂ ಒಂದೇ ಗಿಡದ ಪ್ರತಿಗಳು. ಹೊಸ ಗುಣ, ಹೊಸ ಬಣ್ಣ, ಹೊಸ ಸಹನಶಕ್ತಿ ಬೇಕೆಂದರೆ ತಳಿಗಾರ ಮತ್ತೆ ಕಾಡಿಗೇ ಹೋಗಬೇಕು. ಮಾಚೋ ಮೋಕ ದೊರೆತದ್ದೂ ಕಾಡಿನ ಬೀಜದಿಂದಲೇ ಎಂಬುದನ್ನು ಮರೆಯಲಾಗದು. ಆದುದರಿಂದ ಮ್ಯಾಂಗೇವ್ ಕೊಳ್ಳುವವರು ಸಸ್ಯಾಗಾರದಲ್ಲಿ ಬೆಳೆಸಿದ ಗಿಡವನ್ನೇ ಕೊಳ್ಳಬೇಕು. ಕಾಡಿನಿಂದ ಕಿತ್ತು ತಂದ ಅಪರೂಪದ ರಸಭರಿತ ಸಸ್ಯಗಳು ಎಷ್ಟೇ ಅಗ್ಗವಾಗಿ ದೊರೆತರೂ ಬೇಡವೆನ್ನಬೇಕು.

ಒಂದು ಕುಂಡ, ಮೂರು ಹಿಡಿ ಮಣ್ಣು ಮರಳು, ಒಂದು ಒಳ್ಳೆಯ ಬಿಸಿಲಿನ ಮೂಲೆ: ಈ ಗಿಡ ಕೇಳುವುದು ಇಷ್ಟೇ. ಅದರ ಪಕ್ಕದಲ್ಲಿ ಒಂದು ಸುಗಂಧರಾಜದ ಗೆಡ್ಡೆಯನ್ನೂ ನೆಟ್ಟರೆ, ಒಂದೇ ವಂಶದ ಎರಡು ಕವಲುಗಳನ್ನು ಮನೆಯಂಗಳದಲ್ಲಿಯೇ ಒಟ್ಟಿಗೆ ನೋಡಿ ಹೋಲಿಸುವ ಅವಕಾಶ ಓದುಗರಿಗೆ ದೊರೆಯುತ್ತದೆ.